‘ಹಿತ್ತಲ ಗಿಡ ಮದ್ದಲ್ಲ’: ತೆಲಂಗಾಣದ ಗಡಿ ತಾಲೂಕುಗಳಲ್ಲಿ ಒಂದು ಗಾದೆಯ ಅರ್ಥ ಮತ್ತು ಮೂಲ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಕನ್ನಡದ ಅತಿ ಪರಿಚಿತ ಗಾದೆಗಳಲ್ಲೊಂದು. ಪರಿಚಿತವಾದ ಕಾರಣದಿಂದಲೇ ಅದರ ರಚನೆ, ಮೂಲ ಮತ್ತು ಬಳಕೆಗಳ ಬಗ್ಗೆ ನಡೆದ ಚರ್ಚೆ ಕಡಿಮೆ. ಗಾದೆಯು ತನಗೇ ಅನ್ವಯಿಸಿಕೊಂಡ ವಿಚಿತ್ರ ಸಂದರ್ಭವಿದು. ಏಕಭಾಷಿಕ ಪ್ರದೇಶದಲ್ಲಿ ಈ ಮಾತಿನ ಅರ್ಥ ಸ್ವಯಂಸ್ಪಷ್ಟವೆನಿಸುತ್ತದೆ. ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರುಗಳಂತಹ ಬಹುಭಾಷಿಕ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಗಾದೆಯ ಪಕ್ಕದಲ್ಲಿಯೇ ತೆಲುಗಿನ ‘ಪೆರಟಿ ಚೆಟ್ಟು ವೈದ್ಯಾನಿಕಿ ಪನಿಕಿರಾದು’, ಮರಾಠಿಯ ‘ಪಿಕ್ತೆ ತಿಥೆ ವಿಕತ್ ನಾಹೀ’, ಉರ್ದುವಿನ ‘ಘರ್ ಕೀ ಮುರ್ಗೀ ದಾಲ್ ಬರಾಬರ್’ ಎಂಬ ಮಾತುಗಳಿವೆ. ನಾಲ್ಕೂ ಒಂದೇ ಸಂಗತಿಯನ್ನು ಹೇಳುತ್ತವೆ ಎಂಬುದು ಸಾಮಾನ್ಯ ಅಭಿಪ್ರಾಯ. ಸೂಕ್ಷ್ಮವಾಗಿ ನೋಡಿದರೆ ಈ ಅಭಿಪ್ರಾಯವನ್ನು ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟ.

ಈ ಮೂರು ತಾಲೂಕುಗಳ ಭಾಷಾಸ್ಥಿತಿಗೆ ಆಡಳಿತದ ಇತಿಹಾಸವೊಂದಿದೆ. 1956ರವರೆಗೆ ಜಹೀರಾಬಾದ ಮತ್ತು ನಾರಾಯಣಖೇಡಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಅದೇ ವರ್ಷದ ನವೆಂಬರ್ 1ರಂದು ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಇವೆಲ್ಲ ಆಂಧ್ರ ಪ್ರದೇಶದ ಪಾಲಾದವು. ಬೀದರ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದವು. ತಾಲೂಕಿಗಿಂತ ಕೆಳಗಿನ ವೃತ್ತಗಳನ್ನು ಕೂಡ ಕತ್ತರಿಸಿ ಹಂಚಬೇಕಾಗಿ ಬಂದುದು, ಅಲ್ಲಿ ಭಾಷೆಗಳು ಎಷ್ಟು ಒತ್ತಾಗಿ ಹೆಣೆದುಕೊಂಡಿದ್ದವು ಎಂಬುದಕ್ಕೆ ಕಾನೂನೇ ಬರೆದುಕೊಟ್ಟ ಸಾಕ್ಷಿ. ಇಂದು ಜಹೀರಾಬಾದ ಮತ್ತು ನಾರಾಯಣಖೇಡಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ ಜಿಲ್ಲೆಯಲ್ಲಿದೆ. ತಾಂಡೂರನ್ನು ಹಾದು ಹರಿಯುವ ಕಾಗಿಣಾ ಮಾತ್ರ ಸೇಡಂ, ಚಿತ್ತಾಪುರಗಳತ್ತ ಸಾಗಿ ಎಂದಿನಂತೆ ಭೀಮೆಯನ್ನು ಸೇರುತ್ತದೆ.

ಗಾದೆಯ ಮೂರು ಪದಗಳನ್ನು ಮೊದಲು ಗಮನಿಸಬೇಕು. ‘ಹಿತ್ತಲು’ ಎಂದರೆ ಮನೆಯ ಹಿಂಬದಿಯ ಜಾಗ. ಹಳಗನ್ನಡದ ‘ಪಿತ್ತಿಲ್’ ಎಂಬ ರೂಪ ಪಕಾರವು ಹಕಾರವಾಗುವ ಸಾಮಾನ್ಯ ನಿಯಮದಂತೆ ಈ ರೂಪವನ್ನು ಪಡೆದಿದೆ. ‘ಮದ್ದು’ ಹಳಗನ್ನಡದ ‘ಮರ್ದು’. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಇದರ ಸೋದರ ಪದಗಳು. ಇಷ್ಟರಿಂದ ಗಾದೆಯ ಕಾಲವನ್ನು ನಿರ್ಣಯಿಸಲು ಹೊರಡುವುದು ಸರಿಯಲ್ಲ. ಶಾಸನದ ಭಾಷೆ ಕಲ್ಲಿನಲ್ಲಿ ನಿಂತಂತೆ ಗಾದೆಯ ಭಾಷೆ ನಿಲ್ಲುವುದಿಲ್ಲ. ನಾಲಗೆಯಿಂದ ನಾಲಗೆಗೆ ದಾಟುವಾಗ ಪ್ರತಿ ತಲೆಮಾರೂ ಅದನ್ನು ತನ್ನ ಕಾಲದ ನುಡಿಗೆ ಹೊಂದಿಸಿಕೊಳ್ಳುತ್ತದೆ.

‘ಗಿಡ’ ಎಂಬ ಪದ ಇನ್ನೂ ಕುತೂಹಲಕರವಾದುದು. ದಕ್ಷಿಣದ ಕನ್ನಡದಲ್ಲಿ ಗಿಡ ಚಿಕ್ಕದು, ಮರ ದೊಡ್ಡದು. ಬೀದರ–ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಈ ಗೆರೆಯಿಲ್ಲ. ಅಲ್ಲಿ ಬೇವೂ ಗಿಡ, ಹುಣಸೆಯೂ ಗಿಡ, ಮಾವೂ ಗಿಡ. ತೆಲುಗಿನ ‘ಚೆಟ್ಟು’ ಸಹ ಸಸಿಯಿಂದ ಹೆಮ್ಮರದವರೆಗೆ ಎಲ್ಲವನ್ನೂ ಒಳಗೊಳ್ಳುತ್ತದೆ. ಆದ್ದರಿಂದ ಮೈಸೂರಿನ ಓದುಗನಿಗೆ ಈ ಗಾದೆಯಲ್ಲಿ ತುಳಸಿಯೋ ದೊಡ್ಡಪತ್ರೆಯೋ ಕಂಡರೆ, ತಾಂಡೂರಿನವನಿಗೆ ಅಂಗಳದ ಮೇಲೆ ನೆರಳು ಚೆಲ್ಲಿದ ಬೇವೇ ಕಾಣಬಹುದು. ಕಣ್ಣಿಗೆ ಬೀಳದಷ್ಟು ಚಿಕ್ಕದನ್ನು ಕಡೆಗಣಿಸುವುದು ಒಂದು ಬಗೆ; ತಲೆಯ ಮೇಲೆಯೇ ನಿಂತ ಬೇವನ್ನು ಕಾಣದಿರುವುದು ಇನ್ನೊಂದು. ಗಾದೆಯ ವ್ಯಂಗ್ಯ ಎರಡನೆಯ ಬಗೆಯಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ.

ಈ ವ್ಯಂಗ್ಯವು ವ್ಯಾಕರಣದಲ್ಲಿ ಎಲ್ಲಿ ಅಡಗಿದೆ ಎಂಬುದು ಮುಖ್ಯವಾದ ಪ್ರಶ್ನೆ. ಕನ್ನಡದಲ್ಲಿ ‘ಇಲ್ಲ’ ಇರವನ್ನು ನಿರಾಕರಿಸುತ್ತದೆ, ‘ಅಲ್ಲ’ ಗುರುತನ್ನು ನಿರಾಕರಿಸುತ್ತದೆ. ‘ಹಿತ್ತಲಲ್ಲಿ ಮದ್ದಿಲ್ಲ’ ಎಂದಿದ್ದರೆ ಅದು ಪರೀಕ್ಷಿಸಿ ನೋಡಬಹುದಾದ ಒಂದು ವರದಿ. ‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ವರ್ಗೀಕರಣ: ಗಿಡ ಅದೇ, ರಸ ಅದೇ, ಗುಣ ಅದೇ, ಆದರೆ ಹಿತ್ತಲಿನದಾದ ಕಾರಣ ಅದು ‘ಮದ್ದು’ ಎಂಬ ಹೆಸರಿಗೆ ಅರ್ಹವಲ್ಲ. ವಾಕ್ಯದಲ್ಲಿ ಕ್ರಿಯಾಪದವಿಲ್ಲ, ‘ಎನ್ನುತ್ತಾರೆ’, ‘ಎಂದು ಬಗೆಯುತ್ತಾರೆ’ ಎಂಬಂತಹ ಸೂಚನೆಯೂ ಇಲ್ಲ. ಜನರ ತಪ್ಪು ತಿಳಿವಳಿಕೆಯನ್ನು ಹೇಳುವವನು ತನ್ನದೇ ಮಾತೆಂಬಂತೆ ನುಡಿಯುತ್ತಾನೆ, ಕೇಳುವವನು ಅದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಾನೆ. ಹೀಗೆ ತಿರುಗಿಸಿಕೊಳ್ಳಲು ಕೇಳುಗನಿಗೆ ಒಂದು ಸಂಗತಿ ಮೊದಲೇ ತಿಳಿದಿರಬೇಕು, ಹಿತ್ತಲ ಗಿಡದಿಂದ ರೋಗ ವಾಸಿಯಾಗುತ್ತದೆ ಎಂಬುದು. ಆ ತಿಳಿವಳಿಕೆ ಇಲ್ಲದವನ ಕಿವಿಗೆ ಗಾದೆ ನೇರವಾದ ಎಚ್ಚರಿಕೆಯಾಗಿ ಬೀಳುತ್ತದೆ: ಮನೆಯ ಹಿಂದಿನ ಸೊಪ್ಪುಸದೆಯನ್ನು ಔಷಧವೆಂದು ನಂಬಬೇಡ. ಒಂದೇ ವಾಕ್ಯ, ಪೂರ್ತಿ ವಿರುದ್ಧವಾದ ಎರಡು ಅರ್ಥ.

ಉಳಿದ ಮೂರು ಭಾಷೆಗಳ ಮಾತುಗಳನ್ನು ಇದರ ಬದಿಗಿಟ್ಟು ನೋಡಬಹುದು. ತೆಲುಗಿನ ಗಾದೆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡಿದೆ. ‘ಪೆರಡು’ ಹಿತ್ತಲೇ, ‘ಚೆಟ್ಟು’ ಗಿಡವೇ. ಆದರೆ ಅದರ ವಿಧೇಯ ಬೇರೆ. ‘ವೈದ್ಯಾನಿಕಿ ಪನಿಕಿರಾದು’ ಎಂದರೆ ವೈದ್ಯಕ್ಕೆ ಉಪಯೋಗಕ್ಕೆ ಬಾರದು. ಕನ್ನಡ ಗುರುತನ್ನು ನಿರಾಕರಿಸಿದರೆ ತೆಲುಗು ಉಪಯೋಗವನ್ನು ನಿರಾಕರಿಸುತ್ತದೆ. ಮರಾಠಿ ಹಿತ್ತಲನ್ನು ಬಿಟ್ಟು ಹೊಲಕ್ಕೂ ಪೇಟೆಗೂ ಹೋಗುತ್ತದೆ: ಬೆಳೆದಲ್ಲಿ ಮಾರಾಟವಾಗದು. ಅಲ್ಲಿ ವಸ್ತುವಿನ ಗುಣದ ಬಗ್ಗೆ ಯಾರಿಗೂ ಅನುಮಾನವಿಲ್ಲ, ಗಿರಾಕಿಯ ಕೊರತೆ ಮಾತ್ರ. ಉರ್ದುವಿನ ಮಾತು ಅಡುಗೆಮನೆಯಲ್ಲಿ ನಿಂತು ಬೆಲೆ ಕಟ್ಟುತ್ತದೆ: ಮನೆಯ ಕೋಳಿ ಬೇಳೆಗೆ ಸಮ. ಗುರುತು, ಉಪಯೋಗ, ಮಾರಾಟ, ಬೆಲೆ ಎಂಬ ನಾಲ್ಕು ಬೇರೆ ಬೇರೆ ತಕ್ಕಡಿಗಳು ಇವು. ಉರ್ದುವಿನ ತಕ್ಕಡಿಯಂತೂ ಈ ಸೀಮೆಯಲ್ಲಿ ಒಮ್ಮೆ ತಲೆಕೆಳಗಾದುದುಂಟು. ತಾಂಡೂರು ತೊಗರಿಯ ನಾಡು; ಅಲ್ಲಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2015ರ ಅಕ್ಟೋಬರ್ ಹೊತ್ತಿಗೆ ದೇಶದ ಹಲವೆಡೆ ತೊಗರಿಬೇಳೆಯ ಧಾರಣೆ ಕಿಲೋಗೆ ಸುಮಾರು 200 ರೂಪಾಯಿ ಮುಟ್ಟಿ ಫಾರಂ ಕೋಳಿಯ ಬೆಲೆಯನ್ನು ಮೀರಿತ್ತು. ಆ ದಿನಗಳಲ್ಲಿ ಬೇಳೆಗೆ ಸಮವೆನಿಸಿಕೊಳ್ಳುವುದು ಕೋಳಿಗೆ ಅಗೌರವವೇನೂ ಆಗಿರಲಿಲ್ಲ. ಹೀಗಿದ್ದೂ ಗಾದೆ ಬದಲಾಗಲಿಲ್ಲ. ಒಮ್ಮೆ ರೂಢಿಗೆ ಬಂದ ಗಾದೆ ಪೇಟೆಯ ಧಾರಣೆಯನ್ನು ಕೇಳಿ ನಡೆಯುವುದಿಲ್ಲ.

ಇದಕ್ಕೆ ಹೋಲಿಕೆಯಾಗಿ ಇನ್ನೊಂದು ಗಾದೆಯನ್ನು ನೋಡುವುದು ಉಪಯುಕ್ತ. ಸಮೀಪದ ಕಡೆಗಣನೆಯ ಮಗ್ಗುಲಲ್ಲಿಯೇ ದೂರದ ಮೋಹವಿರುತ್ತದೆ. ಕನ್ನಡದಲ್ಲಿ ‘ದೂರದ ಬೆಟ್ಟ ನುಣ್ಣಗೆ’, ತೆಲುಗಿನಲ್ಲಿ ‘ದೂರಪು ಕೊಂಡಲು ನುನುಪು’, ಮರಾಠಿಯಲ್ಲಿ ‘ದುರೂನ ಡೋಂಗರ ಸಾಜರೇ’. ಮೂರರಲ್ಲಿಯೂ ಬೆಟ್ಟವೇ ಇದೆ. ಕನ್ನಡ–ತೆಲುಗುಗಳಲ್ಲಿ ನುಣುಪಿನ ಪದ ಕೂಡ ಒಂದೇ ಬೇರಿನದು. ಉರ್ದು ಮಾತ್ರ ಕಣ್ಣನ್ನು ಬಿಟ್ಟು ಕಿವಿಯನ್ನು ಹಿಡಿದು ‘ದೂರ್ ಕೇ ಢೋಲ್ ಸುಹಾನೇ’ ಎನ್ನುತ್ತದೆ, ದೂರದ ಡೋಲಿನ ಸದ್ದು ಇಂಪು ಎಂದು. ಬೆಟ್ಟದ ಗಾದೆ ಪದಕ್ಕೆ ಪದವಾಗಿ ಭಾಷೆಯಿಂದ ಭಾಷೆಗೆ ದಾಟಿದಂತೆ ಕಾಣುತ್ತದೆ. ಹಿತ್ತಲ ಗಾದೆ ಹಾಗೆ ದಾಟಿಲ್ಲ. ಪ್ರತಿ ಭಾಷೆಯೂ ಅದನ್ನು ತನ್ನದೊಂದು ವಾದವಾಗಿ ಕಟ್ಟಿಕೊಂಡಿದೆ. ಒಂದೇ ಪ್ರದೇಶದ, ಒಂದೇ ವಿಷಯದ ಎರಡು ಗಾದೆಗಳು ಎರಡು ಬೇರೆ ದಾರಿಗಳಲ್ಲಿ ಹರಡಿರುವುದು ಸಾಧ್ಯ ಎಂಬುದನ್ನು ಗಾದೆಗಳ ‘ಮೂಲ’ ಹುಡುಕುವವರು ನೆನಪಿಡಬೇಕು.

ಹಾಗಾದರೆ ಈ ಗಾದೆ ಯಾವ ಭಾಷೆಯಲ್ಲಿ ಮೊದಲು ಹುಟ್ಟಿತು? ಅತಿ ಪರಿಚಯದಿಂದ ಅನಾದರ ಹುಟ್ಟುತ್ತದೆ ಎಂಬ ಭಾವ ಎಷ್ಟೋ ನಾಡುಗಳಲ್ಲಿದೆ. ಮಲಯ ಪರ್ವತದ ಬೇಡತಿಯು ಶ್ರೀಗಂಧದ ಕೊರಡನ್ನು ಒಲೆಗೆ ಸೌದೆಯಾಗಿ ಉರಿಸುತ್ತಾಳೆ ಎಂಬ ಚಿತ್ರ ಸಂಸ್ಕೃತ ಸುಭಾಷಿತವೊಂದರಲ್ಲಿದೆ. ಪ್ರವಾದಿಗೆ ಸ್ವಂತ ಊರಿನಲ್ಲಿ ಮನ್ನಣೆಯಿಲ್ಲ ಎಂಬ ಮಾತು ಕ್ರೈಸ್ತರ ಸುವಾರ್ತೆಗಳಲ್ಲಿ ಬರುತ್ತದೆ. ಕನ್ನಡದ ಇನ್ನೊಂದು ಗಡಿಯಾದ ಕಾಸರಗೋಡಿನಲ್ಲಿ ಮಲಯಾಳದ ‘ಮುಟ್ಟತ್ತೆ ಮುಲ್ಲಯ್ಕು ಮಣಮಿಲ್ಲ’, ಅಂದರೆ ಅಂಗಳದ ಮಲ್ಲಿಗೆಗೆ ಪರಿಮಳವಿಲ್ಲ ಎಂಬುದು, ಇದೇ ಕೆಲಸವನ್ನು ಮಾಡುತ್ತದೆ. ಭಾವ ಸರ್ವತ್ರ ಇರುವಾಗ ಎರವಲಿನ ವಾದವನ್ನು ಭಾವದ ಮೇಲೆ ನಿಲ್ಲಿಸಲಾಗದು, ಚಿತ್ರದ ಮೇಲೆ ನಿಲ್ಲಿಸಬೇಕು. ಹಿತ್ತಲು, ಗಿಡ, ವೈದ್ಯ ಎಂಬ ಮೂರೂ ಅಂಶಗಳು ಇದೇ ಅನುಕ್ರಮದಲ್ಲಿ ಕನ್ನಡ ಮತ್ತು ತೆಲುಗುಗಳಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಇವೆರಡರ ನಡುವೆ ಕೊಡುಕೊಳೆ ನಡೆದಿದೆ ಎಂದು ಧೈರ್ಯವಾಗಿ ಹೇಳಬಹುದು. ಯಾರು ಕೊಟ್ಟರು, ಯಾರು ಕೊಂಡರು ಎಂಬ ಪ್ರಶ್ನೆಯೇ ದ್ವಿಭಾಷಿಕ ಸಮಾಜದಲ್ಲಿ ಅಸಂಗತ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆಯನ್ನಾಡುವ ಒಬ್ಬನೇ ವ್ಯಕ್ತಿ ಕೊಡುವವನೂ ಹೌದು, ಕೊಳ್ಳುವವನೂ ಹೌದು.

ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪ್ವಾಡ ಗ್ರಾಮದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಆ ಊರಿನಲ್ಲಿಯೂ ಇವೇ ನಾಲ್ಕು ಭಾಷೆಗಳು: ಕನ್ನಡ, ಮರಾಠಿ, ಉರ್ದು, ತೆಲುಗು. ಶತಮಾನಗಳ ಸಹವಾಸದಲ್ಲಿ ಅಲ್ಲಿನ ಭಾಷೆಗಳ ವಾಕ್ಯರಚನೆ ಒಂದಕ್ಕೊಂದು ಎಷ್ಟು ಹತ್ತಿರವಾಗಿದೆಯೆಂದರೆ ಒಂದರಿಂದ ಇನ್ನೊಂದಕ್ಕೆ ಬಹುಮಟ್ಟಿಗೆ ಪದಕ್ಕೆ ಪದ ಇಟ್ಟು ಅನುವಾದಿಸಬಹುದು. ಪದಗಳು ಮಾತ್ರ ತಂತಮ್ಮ ಭಾಷೆಯವಾಗಿಯೇ ಉಳಿದಿವೆ. ಜನ ವ್ಯಾಕರಣವನ್ನು ಹಂಚಿಕೊಂಡರು, ಪದಗಳಲ್ಲಿ ತಮ್ಮ ಸಮುದಾಯದ ಗುರುತನ್ನು ಕಾಪಾಡಿಕೊಂಡರು. ಗಾದೆಗಳ ವಿಷಯದಲ್ಲಿ ಈ ಚಿತ್ರ ತುಸು ಬೇರೆಯಾಗುತ್ತದೆ: ಅಭಿಪ್ರಾಯ ಎಲ್ಲರದೂ, ಆದರೆ ಯಾವ ತಕ್ಕಡಿಯಲ್ಲಿ ತೂಗುವುದು ಎಂಬುದು ಆಯಾ ಭಾಷೆಯದು.

ಮುದ್ರಿತ ಸಂಗ್ರಹಗಳು ಈ ಸಂಬಂಧಗಳನ್ನು ಮರೆಮಾಡಿವೆ ಎಂಬುದನ್ನೂ ಹೇಳಬೇಕು. ಕ್ಯಾಪ್ಟನ್ ಕಾರ್‌ನ ತೆಲುಗು ಗಾದೆಗಳ ಸಂಗ್ರಹ 1868ರದು, ಫ್ಯಾಲನ್‌ನ ಹಿಂದೂಸ್ತಾನಿ ಗಾದೆಗಳ ಕೋಶ 1886ರದು, ಮ್ಯಾನ್‌ವೇರಿಂಗ್‌ನ ಮರಾಠಿ ಸಂಗ್ರಹ 1899ರದು. ಕನ್ನಡದಲ್ಲಿ ಕಿಟೆಲ್ 1894ರ ತನ್ನ ನಿಘಂಟಿನೊಳಗೆ ಗಾದೆಗಳನ್ನು ಧಾರಾಳವಾಗಿ ಉದಾಹರಿಸಿದ್ದಾನೆ. ಇವೆಲ್ಲ ಬೆಲೆಬಾಳುವ ಕೆಲಸಗಳು. ಆದರೆ ಪ್ರತಿಯೊಂದರದೂ ಒಂದೊಂದು ಭಾಷೆಯ ಗಡಿ. 1956ರ ನಂತರ ರಾಜ್ಯಗಳ ಗಡಿಯೇ ಜಾನಪದ ಸಂಗ್ರಹದ ಗಡಿಯೂ ಆಯಿತು. ಕಲಬುರಗಿ, ಧಾರವಾಡಗಳ ಕನ್ನಡ ವಿಭಾಗಗಳಿಗೆ ಜಹೀರಾಬಾದ ಹೊರನಾಡು; ಹೈದರಾಬಾದಿನ ತೆಲುಗು ವಿದ್ವಾಂಸರಿಗೆ ಅಲ್ಲಿನ ಕನ್ನಡ ಪರಭಾಷೆ. ಎರಡು ವಿದ್ವತ್ ಪರಂಪರೆಗಳ ಹಿತ್ತಲಿನಲ್ಲಿ ಬೆಳೆದ ಗಿಡ ಎರಡರ ಕಣ್ಣಿಗೂ ಬೀಳಲಿಲ್ಲ.

ಗಾದೆಯ ಸಾಮಾಜಿಕ ನೆಲೆಗೆ ಬಂದರೆ, ಹಿತ್ತಲು ಬರಿಯ ಜಾಗವಲ್ಲ. ಬಚ್ಚಲ ನೀರು ಹರಿದು ಹೋಗುವ, ಪಾತ್ರೆ ಬೆಳಗುವ, ಕರಿಬೇವು, ನುಗ್ಗೆ, ತುಳಸಿ, ಆಡುಸೋಗೆ ತಾವಾಗಿ ಬೆಳೆಯುವ ಆ ಭಾಗ ಹೆಂಗಸರ ದುಡಿಮೆಯ ಕ್ಷೇತ್ರ. ಕೆಮ್ಮಿಗೆ ಆಡುಸೋಗೆ, ಶೀತಕ್ಕೆ ದೊಡ್ಡಪತ್ರೆ, ಜ್ವರಕ್ಕೆ ಅಮೃತಬಳ್ಳಿ ಎಂಬ ಅರಿವು ಅಜ್ಜಿಯಿಂದ ಮೊಮ್ಮಗಳಿಗೆ ಬಂದುದು. ವೈದ್ಯನೋ ಹಕೀಮನೋ ಮುಂಬಾಗಿಲಿನಿಂದ ಬರುವವನು. ‘ಮದ್ದಲ್ಲ’ ಎಂಬ ತೀರ್ಪಿನಲ್ಲಿ ಗಿಡದ ಜೊತೆಗೆ ಅದನ್ನು ಬಲ್ಲವಳ ಅರಿವೂ ತಳ್ಳಿಹೋಗುತ್ತದೆ. ಈ ಆಯಾಮವನ್ನು ಗಾದೆಯ ಸಾಮಾನ್ಯ ವಿವರಣೆಗಳು ಬಿಟ್ಟುಬಿಡುತ್ತವೆ. ಪ್ರತಿಭಾವಂತನಿಗೆ ಸ್ವಂತ ಊರಿನಲ್ಲಿ ಗೌರವವಿಲ್ಲ ಎಂಬಲ್ಲಿಗೆ ಅವು ನಿಲ್ಲುತ್ತವೆ.

ಅಮೃತಬಳ್ಳಿಯ ಇತ್ತೀಚಿನ ಚರಿತ್ರೆ ಗಾದೆಗೆ ಬರೆದ ಭಾಷ್ಯದಂತಿದೆ. ಕನ್ನಡದಲ್ಲಿ ಅಮೃತಬಳ್ಳಿ, ತೆಲುಗಿನಲ್ಲಿ ತಿಪ್ಪತೀಗ, ಮರಾಠಿಯಲ್ಲಿ ಗುಳವೇಲ, ಉರ್ದುವಿನಲ್ಲಿ ಗಿಲೋಯ್. ಬೇವಿನ ಮೇಲೆ ಹಬ್ಬಿಕೊಂಡು ಯಾರ ಗಮನಕ್ಕೂ ಬಾರದಿದ್ದ ಈ ಬಳ್ಳಿ 2020ರ ಕೋವಿಡ್ ಕಾಲದಲ್ಲಿ ‘ಗಿಲೋಯ್’ ಎಂಬ ಚೀಟಿ ಹಚ್ಚಿದ ಸೀಸೆಯಲ್ಲಿ, ಗುಳಿಗೆಯಲ್ಲಿ ಮನೆಗೆ ಮರಳಿ ಬಂದಿತು. ಹಿತ್ತಲಿನಿಂದ ಹೊರಹೋಗಿ, ಹೆಸರು ಬದಲಿಸಿಕೊಂಡು, ಬೆಲೆ ಹಚ್ಚಿಸಿಕೊಂಡು ಬಂದ ಮೇಲೆ ಅದು ಮದ್ದಾಯಿತು. ಅದರ ಅತಿಬಳಕೆಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಕೆಲವು ವೈದ್ಯರು ಮುಂದೆ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಅಲ್ಲಗಳೆಯಿತು. ಹಿತ್ತಲ ಗಿಡವೆಲ್ಲ ಮದ್ದೇ ಎಂಬುದು ಗಾದೆಯ ಅಭಿಪ್ರಾಯವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಗುಣವನ್ನು ನೋಡದೆ ಜಾಗವನ್ನು ನೋಡಿ ತೀರ್ಪು ಕೊಡುವವನನ್ನು ಅದು ಹಂಗಿಸುತ್ತದೆ, ಅಷ್ಟೆ.

ಜಹೀರಾಬಾದಿನ ಮಟ್ಟಿಗೆ ಇದಕ್ಕಿಂತ ದೊಡ್ಡ ನಿದರ್ಶನ ಧಾನ್ಯಗಳದು. ಜೋಳ, ಸಜ್ಜೆ, ನವಣೆ, ಸಾಮೆಗಳ ಈ ಒಣನೆಲದಲ್ಲಿ 1983ರಲ್ಲಿ ಆಂಧ್ರ ಸರಕಾರದ ಎರಡು ರೂಪಾಯಿ ಕಿಲೋ ಅಕ್ಕಿ ಬಂದ ಮೇಲೆ ಅನ್ನ ಗೌರವದ ಊಟವಾಯಿತು, ರೊಟ್ಟಿ ಬಡವರ ಊಟವಾಯಿತು. ಅದೇ ವರ್ಷ ಕೆಲಸ ಆರಂಭಿಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಜಹೀರಾಬಾದ ಬಳಿಯ ಪಸ್ತಾಪುರವನ್ನು ಕೇಂದ್ರವಾಗಿಟ್ಟುಕೊಂಡು ದಲಿತ ಮಹಿಳೆಯರ ಸಂಘಗಳ ಮೂಲಕ ಕಿರುಧಾನ್ಯಗಳ ಬೀಜಗಳನ್ನು ಉಳಿಸಿತು. 2008ರಲ್ಲಿ ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ತೆರೆಯಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ವಿಶ್ವಸಂಸ್ಥೆ ಕಿರುಧಾನ್ಯ ವರ್ಷವೆಂದು ಘೋಷಿಸಿದ 2023ರ ಮಾರ್ಚಿನಲ್ಲಿ ಅವರು ನಿಧನರಾದರು. ಬಿತ್ತದೆ ಬೆಳೆಯುವ ಸೊಪ್ಪುಗಳ ಬಗ್ಗೆ ಈ ಮಹಿಳೆಯರಿಗಿರುವ ಅರಿವನ್ನು ದಾಖಲಿಸಿದ್ದು ಸಂಸ್ಥೆಯ ಮುಖ್ಯ ಕೆಲಸಗಳಲ್ಲೊಂದು. ಭಾಷಾಧ್ಯಯನಕ್ಕೂ ಇದು ಸಾಮಗ್ರಿಯೇ. ಕನ್ನಡದ ತುಂಬೆ ತೆಲುಗಿನಲ್ಲಿ ತುಮ್ಮಿ, ಉತ್ತರಾಣಿ ಉತ್ತರೇಣಿ, ಹೊನಗೊನ್ನೆ ಪೊನ್ನಗಂಟಿ. ಗಿಡಗಳ ಹೆಸರಿನಲ್ಲಿ ಎರಡು ಭಾಷೆಗಳು ಗಾದೆಗಿಂತಲೂ ಹತ್ತಿರದಲ್ಲಿವೆ.

ಗಡಿನಾಡಿನ ಕನ್ನಡವೇ ‘ಹಿತ್ತಲ ಗಿಡ’ ಎಂದು ಹೇಳುವುದು ವೇದಿಕೆಯ ಭಾಷಣಗಳಲ್ಲಿ ರೂಢಿಯಾಗಿದೆ. ಹೋಲಿಕೆ ಆಕರ್ಷಕ, ಆದರೆ ನಿಖರವಲ್ಲ. ಹಿತ್ತಲ ಗಿಡದ ಕಡೆಗಣನೆಗೆ ಕಾರಣ ಅತಿ ಪರಿಚಯ. ಈ ತಾಲೂಕುಗಳಲ್ಲಿ ಕನ್ನಡ ಹಿಂದೆ ಸರಿಯುತ್ತಿರುವುದಕ್ಕೆ ಪರಿಚಯ ಕಾರಣವಲ್ಲ. ಅರ್ಜಿ ತೆಲುಗಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ ಇರುವಾಗ ಕನ್ನಡಕ್ಕೆ ಚಲಾವಣೆಯಿಲ್ಲ. 1956ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. 2018ರ ತೆಲಂಗಾಣದ ಕಾನೂನು ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು. ಇಂತಹ ಸ್ಥಿತಿಯನ್ನು ಬಣ್ಣಿಸಲು ಕನ್ನಡದ ಗಾದೆಗಿಂತ ಮರಾಠಿಯದೇ ಸೂಕ್ತ: ಬೆಳೆದಲ್ಲಿ ಬಿಕರಿಯಿಲ್ಲ. ಕನ್ನಡದ ಸಂಗತಿಯನ್ನು ಹೇಳಲು ಮರಾಠಿಯ ಮಾತು ಒದಗಿಬರುವುದು ಆ ಸೀಮೆಯಲ್ಲಿ ಅಚ್ಚರಿಯ ವಿಷಯವೇನಲ್ಲ.

ನಿಜವಾದ ಆತಂಕವಿರುವುದು ಬೇರೆಡೆ. ಮನೆಯಲ್ಲಿ ಕನ್ನಡ ಕೇಳಿ ಶಾಲೆಯಲ್ಲಿ ತೆಲುಗು ಅಥವಾ ಇಂಗ್ಲಿಷ್ ಓದುವ ಮಗುವಿಗೆ ಗಾದೆಯ ಪದಗಳು ತಿಳಿಯುತ್ತವೆ. ‘ಮದ್ದು’ ತಿಳಿಯದಿದ್ದರೂ ‘ಮಂದು’ ನೆರವಿಗೆ ಬರುತ್ತದೆ. ಆ ನೆರವೂ ಇಬ್ಬಗೆಯದು, ಏಕೆಂದರೆ ಇಂದಿನ ತೆಲುಗು ಆಡುಮಾತಿನಲ್ಲಿ ಮಂದು ಎಂದರೆ ಔಷಧವೂ ಹೌದು, ಹೊಲಕ್ಕೆ ಹೊಡೆಯುವ ಕೀಟನಾಶಕವೂ ಹೌದು, ಸಾರಾಯಿಯೂ ಹೌದು. ಆದರೆ ಕೈಗೆ ಬಾರದೆ ಹೋಗುವುದು ಪದಾರ್ಥವಲ್ಲ, ವ್ಯಂಗ್ಯ. ಕಾಂಕ್ರೀಟು ಮನೆಗೆ ಹಿತ್ತಲಿಲ್ಲ, ಹಿತ್ತಲಿಲ್ಲದ ಮನೆಯಲ್ಲಿ ಗಿಡದ ಗುಣ ಬಲ್ಲವರಿಲ್ಲ, ಗುಣ ತಿಳಿಯದ ಕಿವಿಗೆ ‘ಮದ್ದಲ್ಲ’ ಎಂಬುದು ಮದ್ದಲ್ಲವೆಂದೇ ಕೇಳಿಸುತ್ತದೆ. ತೆಲುಗಿನ ಗಾದೆಗೂ ಇದೇ ಗತಿ. ಮರಾಠಿ, ಉರ್ದುಗಳ ಮಾತುಗಳು ಈ ಅಪಾಯದಿಂದ ಪಾರಾಗಿವೆ, ಏಕೆಂದರೆ ಪೇಟೆಯೂ ಕೋಳಿಯೂ ಎಲ್ಲ ಮಕ್ಕಳಿಗೂ ಗೊತ್ತು.

ಆದ್ದರಿಂದ ಈ ತಾಲೂಕುಗಳಲ್ಲಿ ಗಾದೆ ಸಂಗ್ರಹಿಸುವವರು ವಾಕ್ಯವನ್ನಷ್ಟೇ ಬರೆದುಕೊಂಡರೆ ಸಾಲದು. ಯಾರು ಯಾರಿಗೆ, ಯಾವ ಭಾಷೆಯ ಮಾತುಕತೆಯ ನಡುವೆ, ಯಾವುದಕ್ಕೆ ಉತ್ತರವಾಗಿ ಹೇಳಿದರು ಎಂಬುದು ದಾಖಲಾಗಬೇಕು. ಕೇಳಿದವರು ಅದನ್ನು ಹೇಗೆ ತಿಳಿದರು ಎಂಬುದೂ ಬೇಕು. ಹಿತ್ತಲ ಗಿಡದ ಗಾದೆಗೆ ಕನ್ನಡದಲ್ಲಿಯೇ ಸಿದ್ಧ ಪ್ರತ್ಯುತ್ತರವೊಂದಿದೆ: ‘ನಮ್ಮ ದೇವರ ಸತ್ಯ ನಮಗೆ ಗೊತ್ತಿಲ್ಲವೇ?’ ಮೊದಲನೆಯದು ಸಮೀಪವಿದ್ದವನಿಗೆ ಬೆಲೆ ತಿಳಿಯದು ಎನ್ನುತ್ತದೆ, ಎರಡನೆಯದು ನಿಜವಾದ ಬೆಲೆ ತಿಳಿದಿರುವುದು ಸಮೀಪವಿದ್ದವನಿಗೆ ಮಾತ್ರ ಎನ್ನುತ್ತದೆ. ಒಂದೇ ಜಗಲಿಯ ಮೇಲೆ ಒಬ್ಬರು ಮೊದಲನೆಯದನ್ನು ಎಸೆದರೆ ಇನ್ನೊಬ್ಬರು ಎರಡನೆಯದನ್ನು ಹಿಂದಿರುಗಿಸಬಲ್ಲರು. ಅಕಾರಾದಿಯಾಗಿ ಜೋಡಿಸಿದ ಸಂಗ್ರಹದಲ್ಲಿ ಮೊದಲನೆಯದು ಹಕಾರದಲ್ಲಿಯೂ ಎರಡನೆಯದು ನಕಾರದಲ್ಲಿಯೂ ಕುಳಿತಿರುತ್ತವೆ.